ಮಾಯದ ಗಾಯ, ಮಾಯವಾಗುವ ರೋಗಿ

ಅಂಗಾಲಿನಲ್ಲಿ ಒಂದು ಹುಣ್ಣು. ಎರಡು ತಿಂಗಳಾಯಿತು, ಮೂರು ತಿಂಗಳಾಯಿತು, ಮಾಯಲೊಲ್ಲದು. ಮೊದಲು ಮನೆಯಲ್ಲಿ ಅರಿಸಿನ ಹಚ್ಚಿದ್ದಾಯಿತು. ಪಕ್ಕದ ಮನೆಯವರು ಹೇಳಿದರೆಂದು ಜೇನುತುಪ್ಪ, ಲೋಳೆಸರ. ಬಳಿಕ ಔಷಧಿ ಅಂಗಡಿಯವರು ಕೊಟ್ಟ ಮುಲಾಮು. ಅದೂ ಆಗಿ, ಕೊನೆಗೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಿಕೊಳ್ಳುವುದು. ಮುಂದೊಂದು ದಿನ ಹುಣ್ಣು ಮಾಯುತ್ತದೆ, ಇಲ್ಲವೇ ಬೆರಳು ಹೋಗುತ್ತದೆ. ಮಾಯ್ದರೆ ಮನೆಯವರೆಲ್ಲ ಕೇಳುವ ಪ್ರಶ್ನೆ ಒಂದೇ: ಯಾವುದರಿಂದ ಮಾಯಿತು?

ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ಅಜ್ಜಿಗೆ ಅರಿಸಿನದ ಮೇಲೆ ನಂಬಿಕೆ. ಮಗನಿಗೆ ತಾನು ದುಬಾರಿ ಬೆಲೆ ಕೊಟ್ಟು ತಂದ ಬೆಳ್ಳಿಯ ಅಂಶವುಳ್ಳ ಪಟ್ಟಿಯ ಮೇಲೆ. ಪಟ್ಟಿ ಕಟ್ಟಿದ ಕಿರಿಯ ವೈದ್ಯರಿಗೆ ತಾವು ಹಾಕಿದ ಪುಡಿಯ ಮೇಲೆ. ಈ ನಡುವೆ ಸಕ್ಕರೆ ಹತೋಟಿಗೆ ಬಂದದ್ದು, ಮೂರು ತಿಂಗಳು ಹೊಲದ ಕಡೆ ಹೋಗದೆ ಕಾಲಿಗೆ ವಿಶ್ರಾಂತಿ ಸಿಕ್ಕಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಯಾವುದರಿಂದ ಮಾಯಿತು ಎಂದು ತಿಳಿಯಲು ವೈದ್ಯಶಾಸ್ತ್ರದಲ್ಲಿ ಒಂದು ಕ್ರಮವಿದೆ. ಅದಕ್ಕೆ ಕ್ಲಿನಿಕಲ್ ಟ್ರಯಲ್, ಅಂದರೆ ಚಿಕಿತ್ಸಾ ಪ್ರಯೋಗ ಎನ್ನುತ್ತಾರೆ. ಮಾಯದ ಹುಣ್ಣುಗಳ ವಿಷಯದಲ್ಲಿ ಜಗತ್ತಿನ ನಾನಾ ಕಡೆ ನಡೆದಿರುವ ಪ್ರಯೋಗಗಳು ಸಂಖ್ಯೆಯಲ್ಲಿ ಬಹಳ. ಗುಣಮಟ್ಟದಲ್ಲಿ ಹೆಚ್ಚಿನವು ಬಡವು. ಇದು ವೈದ್ಯರೊಳಗಿನ ಮಾತು, ನಮಗೇಕೆ ಎಂದು ನೀವು ಪುಟ ತಿರುವಬಹುದು. ಸ್ವಲ್ಪ ತಾಳಿ. ಈ ಪ್ರಯೋಗಗಳು ನಡೆಯುವುದು ನಮ್ಮ ನಿಮ್ಮ ಮನೆಯವರ ಕಾಲಿನ ಮೇಲೆ. ಅವು ಕೆಡುವುದರಲ್ಲಿ ನಮ್ಮ ಪಾಲೂ ಇದೆ, ಸುಧಾರಿಸುವುದರಲ್ಲಿಯೂ ಇದೆ.

ಬೇರು ಬೇರೆ ಬೇರೆ

ಸಾಮಾನ್ಯ ಗಾಯ ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ತಿಂಗಳು ದಾಟಿದರೂ ಮಾಯದಿದ್ದರೆ ಒಳಗೆ ಏನೋ ಕಾರಣವಿದೆ ಎಂದೇ ತಿಳಿಯಬೇಕು. ಸಕ್ಕರೆ ಕಾಯಿಲೆಯವರಲ್ಲಿ ಪಾದದ ನರಗಳು ಜೋಮು ಹಿಡಿದಿರುತ್ತವೆ. ಕಲ್ಲು ಚುಚ್ಚಿದರೂ ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ. ಕೆಲವರಲ್ಲಿ ಪಾದಕ್ಕೆ ರಕ್ತ ಒಯ್ಯುವ ನಾಳಗಳೇ ಕಿರಿದಾಗಿರುತ್ತವೆ. ಕಾಲಿನ ನರ ಉಬ್ಬಿದವರಿಗೆ ಕಣಕಾಲಿನ ಸುತ್ತ ಹುಣ್ಣಾಗುತ್ತದೆ. ಹಾಸಿಗೆ ಹಿಡಿದ ಹಿರಿಯರ ಬೆನ್ನಿಗೆ, ಸೊಂಟಕ್ಕೆ ಆಗುವ ಹುಣ್ಣು ಬೇರೆ. ಕುಷ್ಠರೋಗ ಗುಣವಾದ ಮೇಲೂ ಸ್ಪರ್ಶಜ್ಞಾನವಿಲ್ಲದ ಪಾದದಲ್ಲಿ ಮತ್ತೆ ಮತ್ತೆ ಬರುವ ಹುಣ್ಣು ಬೇರೆ. ಹೊರಗೆ ಎಲ್ಲವೂ ಒಂದೇ ಬಗೆಯಾಗಿ ಕಂಡರೂ ಒಂದಕ್ಕೆ ಹತ್ತಿದ ಮದ್ದು ಇನ್ನೊಂದಕ್ಕೆ ಹತ್ತಬೇಕೆಂದೇನೂ ಇಲ್ಲ. ಆದರೆ ಎಷ್ಟೋ ಅಧ್ಯಯನಗಳಲ್ಲಿ ಇವೆಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ 'ಮಾಯದ ಹುಣ್ಣು' ಎಂದು ಬರೆದುಬಿಟ್ಟಿರುತ್ತಾರೆ. ಮೊದಲ ತೊಡಕು ಅಲ್ಲಿಯೇ.

ಫಿಟ್ಸ್ ಮಾತ್ರೆ ಹುಣ್ಣಿಗೆ ಬಂದ ಕಥೆ

ವಿದ್ಯಾನಗರದ ದೊಡ್ಡಾಸ್ಪತ್ರೆ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಿನೊಂದಿಗೆ ಬೆಳೆದದ್ದು. ಈಚೆಗೆ ಅದರ ಹೆಸರು ಬದಲಾಗಿದ್ದರೂ ಊರಿನ ಬಾಯಲ್ಲಿ ಅದು ಇನ್ನೂ ಕಿಮ್ಸ್. ಧಾರವಾಡ ಜಿಲ್ಲೆಯಷ್ಟೇ ಅಲ್ಲ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದಿಂದಲೂ ಕಾಲಿಗೆ ಬಟ್ಟೆ ಸುತ್ತಿಕೊಂಡು ಜನ ಇಲ್ಲಿಗೆ ಬರುತ್ತಾರೆ. ನಮ್ಮ ರಾಜ್ಯದ ಇಂಥ ಕಾಲೇಜುಗಳಲ್ಲಿ ಶಸ್ತ್ರಚಿಕಿತ್ಸೆಯ ಉನ್ನತ ಶಿಕ್ಷಣಕ್ಕೆ ಸೇರಿದ ಪ್ರತಿಯೊಬ್ಬ ವೈದ್ಯರೂ ಒಂದು ಪ್ರಬಂಧ ಬರೆಯಲೇಬೇಕು. ಓದು ಮೂರು ವರ್ಷದ್ದು. ಮೊದಲ ವರ್ಷದಲ್ಲಿ ವಿಷಯ ಆರಿಸಿ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು, ಕೊನೆಯ ಪರೀಕ್ಷೆಗೆ ಮೊದಲೇ ಪ್ರಬಂಧ ಒಪ್ಪಿಸಬೇಕು. ನಡುವೆ ರೋಗಿಗಳನ್ನು ಸೇರಿಸಿಕೊಳ್ಳಲು ಸಿಗುವುದು ಒಂದು, ಬಹಳವೆಂದರೆ ಒಂದೂವರೆ ವರ್ಷ. ಅವಸರದಲ್ಲಿರುವವರಿಗೆ ಮಾಯದ ಹುಣ್ಣಿನಷ್ಟು ಅನುಕೂಲದ ವಿಷಯ ಇನ್ನೊಂದಿಲ್ಲ. ವಾರ್ಡಿನಲ್ಲಿ ರೋಗಿಗಳಿಗೆ ಬರವಿಲ್ಲ, ಖರ್ಚು ಕಡಿಮೆ. ಹೀಗಾಗಿ ಜೇನುತುಪ್ಪ, ಇನ್ಸುಲಿನ್, ಅಲ್ಸರಿಗೆ ಕೊಡುವ ಸುಕ್ರಾಲ್ಫೇಟ್, ಹೀರುಯಂತ್ರದ ಪಟ್ಟಿ ಎಂದು ಒಂದಾದ ಮೇಲೊಂದು ಹೋಲಿಕೆಯ ಅಧ್ಯಯನಗಳು ಬರುತ್ತಲೇ ಇರುತ್ತವೆ.

ಅವುಗಳಲ್ಲಿ ಎಲ್ಲರಿಗೂ ಪ್ರಿಯವಾದದ್ದು ಫೆನಿಟಾಯಿನ್. ಇದು ಮೂರ್ಛೆರೋಗದ, ಅಂದರೆ ಫಿಟ್ಸ್‌ನ ಔಷಧಿ, 1938ರಿಂದ ಬಳಕೆಯಲ್ಲಿದೆ. ಇದನ್ನು ನುಂಗುವವರಲ್ಲಿ ಕೆಲವರ ವಸಡು ಊದಿಕೊಂಡು ಹಲ್ಲಿನ ಮೇಲೆ ಬೆಳೆದುಬರುತ್ತದೆ ಎಂದು ಮರುವರ್ಷವೇ ವೈದ್ಯರು ಗಮನಿಸಿದರು. ತೊಂದರೆಯೇನೋ ನಿಜ. ಆದರೆ ಯಾರೋ ಜಾಣರು ಯೋಚಿಸಿದರು: ವಸಡಿನಲ್ಲಿ ಮಾಂಸ ಬೆಳೆಸುವ ಮದ್ದು ಹುಣ್ಣಿನಲ್ಲಿಯೂ ಬೆಳೆಸಬಾರದೇಕೆ? ಹೀಗೆ ಮಾತ್ರೆ ಕುಟ್ಟಿ ಪುಡಿ ಮಾಡಿ, ಸಲೈನಿನಲ್ಲಿ ಕಲಸಿ, ಗಾಜ್ ಬಟ್ಟೆಗೆ ಸವರಿ ಹುಣ್ಣಿನ ಮೇಲೆ ಇಡುವ ಪದ್ಧತಿ ಬಂತು. ಅಗ್ಗದ ಮದ್ದು, ಎಲ್ಲೆಲ್ಲೂ ಸಿಗುತ್ತದೆ. ಬಡವರ ಆಸ್ಪತ್ರೆಗೆ ಇನ್ನೇನು ಬೇಕು?

1991ರಲ್ಲಿ ಭಾರತದ ವೈದ್ಯರು 'ಡಯಾಬಿಟಿಸ್ ಕೇರ್' ಎಂಬ ಅಮೆರಿಕದ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಸಕ್ಕರೆ ಕಾಯಿಲೆಯ ಪಾದದ ಹುಣ್ಣಿನವರು 100 ಮಂದಿ. 50 ಮಂದಿಗೆ ಫೆನಿಟಾಯಿನ್, 50 ಮಂದಿಗೆ ಬರೀ ಪಟ್ಟಿ. ಮದ್ದು ಹಾಕಿದವರಿಗೆ ಸರಾಸರಿ 21 ದಿನದಲ್ಲಿ ಮಾಯಿತು, ಹಾಕದವರಿಗೆ 45 ದಿನ ಹಿಡಿಯಿತು. ಅರ್ಧಕ್ಕೂ ಕಡಿಮೆ ಸಮಯ! ಇಂಥ ಫಲಿತಾಂಶ ಕಂಡ ಮೇಲೆ ಯಾರು ತಾನೇ ಸುಮ್ಮನಿರುತ್ತಾರೆ? ದೇಶದ ನಾನಾ ವಾರ್ಡುಗಳಲ್ಲಿ ಪುಡಿ ಉದುರತೊಡಗಿತು. ಇಪ್ಪತ್ತು ವರ್ಷ ಕಳೆದು, 2011ರಲ್ಲಿ, ಉತ್ತರ ಐರ್ಲೆಂಡಿನಲ್ಲಿ 65 ಮಂದಿಯ ಮೇಲೆ ಇನ್ನೊಂದು ಪ್ರಯೋಗದ ವರದಿ ಬಂತು. ಇಲ್ಲಿ ಯಾರಿಗೆ ಯಾವುದು ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಹಂಚಿದ್ದರು. 16 ವಾರ ಕಾದು ನೋಡಿದರು. ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಹಾಗಾದರೆ ನಮ್ಮವರು ಹೇಳಿದ್ದು ಸುಳ್ಳೇ? ಹಾಗೆ ಹೇಳುವುದು ಅನ್ಯಾಯ. 65 ಮಂದಿಯ ಪ್ರಯೋಗವೂ ಚಿಕ್ಕದೇ. ಚಿಕ್ಕ ಲಾಭ ಇದ್ದರೆ ಅಷ್ಟು ಜನರಲ್ಲಿ ಕಾಣದೆ ಹೋಗಬಹುದು. ಆದರೆ ಎರಡು ಗುಂಪುಗಳನ್ನು ಹೇಗೆ ಮಾಡಿದರು, ಇಬ್ಬರಿಗೂ ಉಳಿದ ಆರೈಕೆ ಒಂದೇ ಸಮ ಸಿಕ್ಕಿತೇ, ಹುಣ್ಣನ್ನು ಅಳೆದವರು ಯಾರು ಎಂಬುದರ ಮೇಲೆ ಫಲಿತಾಂಶ ಹೀಗೆ ತಲೆಕೆಳಗಾಗಬಹುದು ಎಂಬುದು ನೆನಪಿಡಬೇಕಾದ ಮಾತು.

ಸೋಲಾಪುರದ ಜೇನು, ನ್ಯೂಜಿಲೆಂಡಿನ ಜೇನು

ಜೇನುತುಪ್ಪದ ಕಥೆಯೂ ಇದಕ್ಕೆ ಹತ್ತಿರದ್ದೇ. ನಮ್ಮ ಗಡಿಯಾಚೆಗಿನ, ಕನ್ನಡ ಮಾತನಾಡುವವರು ಬಹಳಷ್ಟಿರುವ ಸೋಲಾಪುರದ ವೈದ್ಯಕೀಯ ಕಾಲೇಜಿನಿಂದ 1991ರಲ್ಲಿ ಬ್ರಿಟಿಷ್ ಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ಡಾ. ಎಂ. ಸುಬ್ರಹ್ಮಣ್ಯಂ ಅವರ ವರದಿ ಬಂತು. ಸುಟ್ಟಗಾಯದ 104 ರೋಗಿಗಳು. ಅರ್ಧ ಜನಕ್ಕೆ ಜೇನುತುಪ್ಪ, ಅರ್ಧ ಜನಕ್ಕೆ ಆಸ್ಪತ್ರೆಯಲ್ಲಿ ಮಾಮೂಲಾಗಿ ಹಚ್ಚುವ ಬೆಳ್ಳಿಯ ಮುಲಾಮು. ಜೇನಿನ ಗುಂಪಿಗೆ ಸೊಗಸಾದ ಫಲಿತಾಂಶ. ಮುಂದಿನ ವರ್ಷಗಳಲ್ಲಿ ಅಲ್ಲಿಂದ ಇನ್ನೂ ಕೆಲವು ವರದಿಗಳು ಬಂದು ಜಗತ್ತಿನ ಗಮನ ಸೆಳೆದವು. ಹಿತ್ತಲ ಗಿಡದ ಮದ್ದಿಗೆ ಪರದೇಶದಲ್ಲಿ ಮರ್ಯಾದೆ ಸಿಕ್ಕರೆ ನಮಗೂ ಹೆಮ್ಮೆಯಲ್ಲವೇ?

ಆದರೆ ಸುಟ್ಟಗಾಯ ಬೇರೆ, ಮಾಯದ ಹುಣ್ಣು ಬೇರೆ. ನ್ಯೂಜಿಲೆಂಡಿನವರು ಉಬ್ಬಿದ ನರದ ಹುಣ್ಣಿನ 368 ಮಂದಿಯನ್ನು ಆರಿಸಿ, ಎಲ್ಲರಿಗೂ ಕಾಲಿಗೆ ಬಿಗಿಪಟ್ಟಿ ಸುತ್ತಿ, ಒಂದು ಗುಂಪಿಗೆ ಮಾತ್ರ ಜೇನು ಸವರಿದ ಪಟ್ಟಿ ಹಾಕಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. 12 ವಾರಕ್ಕೆ ಜೇನಿನ ಗುಂಪಿನಲ್ಲಿ ನೂರಕ್ಕೆ 55.6 ಮಂದಿಗೆ, ಇನ್ನೊಂದರಲ್ಲಿ 49.7 ಮಂದಿಗೆ ಮಾಯ್ದಿತ್ತು. ಈ ಅಂತರ ಅದೃಷ್ಟದಿಂದಲೂ ಬರಬಹುದಾದಷ್ಟು ಚಿಕ್ಕದು. ಮೇಲಾಗಿ ಜೇನಿನ ಗುಂಪಿನಲ್ಲಿ ನೋವು ಮೊದಲಾದ ತೊಂದರೆಗಳು ಹೆಚ್ಚಾಗಿದ್ದವು. ಬೆಳ್ಳಿಯ ಪಟ್ಟಿಗಳ ಗತಿಯೂ ಅಷ್ಟೇ. 2009ರಲ್ಲಿ ಇಂಗ್ಲೆಂಡಿನಲ್ಲಿ 213 ಮಂದಿಯ ಕಾಲಿನ ಹುಣ್ಣಿನ ಮೇಲೆ ಪರೀಕ್ಷಿಸಿದಾಗ ಸಾದಾ ಪಟ್ಟಿಗೂ ಬೆಳ್ಳಿಯ ಪಟ್ಟಿಗೂ ಮಾಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಖರ್ಚು ಮಾತ್ರ ಏರಿತ್ತು. ಅಂಗಡಿಯಲ್ಲಿ ಪಟ್ಟಿಯೊಂದಕ್ಕೆ ನೂರಾರು ರೂಪಾಯಿ ಎಣಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಬರೀ ಪಟ್ಟಿಯೂ ಮದ್ದೇ

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಹೊಸ ಮದ್ದು ಹಾಕದೆ, ಒಳ್ಳೆಯ ಮಾಮೂಲು ಆರೈಕೆಯನ್ನಷ್ಟೇ ಪಡೆದ ಸಕ್ಕರೆ ಕಾಯಿಲೆಯವರ ಹುಣ್ಣು ಎಷ್ಟರ ಮಟ್ಟಿಗೆ ಮಾಯುತ್ತದೆ? ಅಮೆರಿಕದ ತಜ್ಞರು ಹಲವು ಪ್ರಯೋಗಗಳ ಹೋಲಿಕೆಯ ಗುಂಪುಗಳನ್ನು ಒಟ್ಟುಗೂಡಿಸಿ 1999ರಲ್ಲಿ ಲೆಕ್ಕ ಹಾಕಿದರು. 12 ವಾರಕ್ಕೆ ನೂರಕ್ಕೆ 24, 20 ವಾರಕ್ಕೆ ನೂರಕ್ಕೆ 31. ಅಂದರೆ ಯಾವ ವಿಶೇಷ ಮದ್ದೂ ಇಲ್ಲದೆ ನಾಲ್ವರಲ್ಲಿ ಒಬ್ಬರಿಗೆ ಮೂರು ತಿಂಗಳೊಳಗೆ ಮಾಯುತ್ತದೆ. ಹೋಲಿಸಲು ಇನ್ನೊಂದು ಗುಂಪಿಲ್ಲದೆ 'ನಮ್ಮ ಎಣ್ಣೆಯಿಂದ ಇಷ್ಟು ಮಂದಿಗೆ ಗುಣವಾಯಿತು' ಎಂದು ಜಾಹೀರಾತು ಕೊಡುವವರು ಈ ನಾಲ್ಕರಲ್ಲೊಬ್ಬರನ್ನು ತಮ್ಮ ಖಾತೆಗೆ ಬರೆದುಕೊಳ್ಳುತ್ತಾರೆ.

ಒಳ್ಳೆಯ ಆರೈಕೆ ಎಂದರೇನು? ಸತ್ತ ಮಾಂಸವನ್ನು ಕತ್ತರಿಸಿ ತೆಗೆಯುವುದು, ಕೀವು ಇದ್ದರೆ ಅದಕ್ಕೆ ಚಿಕಿತ್ಸೆ, ಸಕ್ಕರೆಯ ಹತೋಟಿ, ಪಾದಕ್ಕೆ ರಕ್ತ ಹರಿಯುತ್ತಿದೆಯೇ ಎಂಬ ತಪಾಸಣೆ. ಎಲ್ಲಕ್ಕಿಂತ ಮುಖ್ಯವಾಗಿ ಹುಣ್ಣಿನ ಮೇಲೆ ದೇಹದ ಭಾರ ಬೀಳದಂತೆ ನೋಡಿಕೊಳ್ಳುವುದು. ಇದಕ್ಕಾಗಿಯೇ ಪ್ಲಾಸ್ಟರ್, ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ ಇತ್ಯಾದಿ ಇರುವುದು. ಕಪ್ಪು ಎರೆ ಹೊಲದಲ್ಲಿ ಬರಿಗಾಲಲ್ಲಿ ನಡೆಯುವ ರೈತನಿಗೂ, ಮನೆಯಲ್ಲಿ ಮಗ್ಗುಲಾಗಿರುವ ನಿವೃತ್ತ ಮಾಸ್ತರರಿಗೂ ಒಂದೇ ಪುಡಿ ಹಾಕಿ, ಒಬ್ಬರಿಗೆ ಮಾಯಿತು ಇನ್ನೊಬ್ಬರಿಗೆ ಇಲ್ಲ ಎಂದರೆ ಅದರಲ್ಲಿ ಪುಡಿಯ ಗುಣ ಎಷ್ಟು, ಕಾಲಿನ ವಿಶ್ರಾಂತಿಯದೆಷ್ಟು? ಪ್ರಯೋಗದ ವರದಿಯಲ್ಲಿ ಚಪ್ಪಲಿಯ ಮಾತೇ ಇಲ್ಲದಿದ್ದರೆ ಆ ವರದಿಯನ್ನು ಅರ್ಧ ಮಾತ್ರ ನಂಬಬೇಕೆಂಬುದು ಈ ಅಂಕಣಕಾರನ ಅಭಿಪ್ರಾಯ.

ಮಾಯುವುದೆಂದರೆ ಏನು ಎಂಬುದರಲ್ಲಿಯೂ ಗೊಂದಲವಿದೆ. ಪ್ರಬಂಧಕ್ಕೆ ಸಮಯ ಸಾಲದು. ಆದ್ದರಿಂದ ಅನೇಕ ಅಧ್ಯಯನಗಳು 14ನೆಯ ದಿನಕ್ಕೆ ನಿಂತುಬಿಡುತ್ತವೆ. ಹುಣ್ಣಿನ ತಳದಲ್ಲಿ ಕೆಂಪು ಮಾಂಸ ಎಷ್ಟು ತುಂಬಿತು, ಎಷ್ಟು ಕಿರಿದಾಯಿತು ಎಂದು ನೋಡಿ ಶಭಾಷ್ ಎನ್ನುತ್ತಾರೆ. ರೋಗಿಗೆ ಬೇಕಾಗಿರುವುದು ಕೆಂಪು ಮಾಂಸವಲ್ಲ, ಮುಚ್ಚಿದ ಚರ್ಮ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು: ಚರ್ಮ ಪೂರ್ತಿ ಮುಚ್ಚಿರಬೇಕು, ಒಸರುವುದು ನಿಂತಿರಬೇಕು, ಪಟ್ಟಿಯ ಅಗತ್ಯ ಇರಬಾರದು, ಮತ್ತು ಇದನ್ನು ಎರಡು ವಾರದ ಅಂತರದಲ್ಲಿ ಎರಡು ಸಲ ನೋಡಿ ಖಚಿತಪಡಿಸಿಕೊಳ್ಳಬೇಕು. ಈ ಎರಡನೆಯ ಭೇಟಿಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅಳೆಯುವ ಕಣ್ಣಿಗೆ ಗೊತ್ತಿರಬಾರದು

ಹೊಸ ಮದ್ದಿನ ಮೇಲೆ ವಿಶ್ವಾಸವಿಟ್ಟ ವೈದ್ಯರೇ ಹುಣ್ಣು ಅಳೆದರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅಳತೆಯ ಪಟ್ಟಿ ಒಂದಿಷ್ಟು ಅತ್ತ ವಾಲುತ್ತದೆ. ತಾಯಿಯ ಕಣ್ಣಿಗೆ ತನ್ನ ಕೂಸೇ ಚೆಂದ. ಆದ್ದರಿಂದ ಪಾರದರ್ಶಕ ಹಾಳೆಯ ಮೇಲೆ ಹುಣ್ಣಿನ ಅಂಚು ಬರೆದುಕೊಂಡು, ಫೋಟೋ ತೆಗೆದು, ಯಾವ ರೋಗಿಗೆ ಏನು ಹಾಕಿದೆ ಎಂದು ತಿಳಿಯದ ಇನ್ನೊಬ್ಬರ ಕೈಯಲ್ಲಿ ಅಳೆಸಬೇಕು. ಹಂಚುವಾಗಲೂ ಅಷ್ಟೇ. ಸಮಸಂಖ್ಯೆಯ ತಾರೀಖಿನಂದು ಬಂದವರಿಗೆ ಹೊಸದು, ಬೆಸದವರಿಗೆ ಹಳೆಯದು ಎಂಬ ಲೆಕ್ಕ ಕೆಲಸಕ್ಕೆ ಬಾರದು. 'ಇವರ ಹುಣ್ಣು ಸಣ್ಣದು, ನಾಳೆ ಬರಲಿ' ಎನ್ನಲು ದಾರಿಯಾಗುತ್ತದೆ. ಮುಚ್ಚಿದ ಲಕೋಟೆಯೊಳಗಿನ ಚೀಟಿಗೆ ಆ ದಾಕ್ಷಿಣ್ಯವಿಲ್ಲ.

ಪಟ್ಟಿಯ ವಿಷಯದಲ್ಲಿ ಇಂಥ ಗುಟ್ಟು ಕಾಪಾಡುವುದು ಆಗದ ಕೆಲಸ ಎಂದು ಹೇಳುವವರಿದ್ದಾರೆ. ಆಗುತ್ತದೆ. ಯುರೋಪಿನ ಐದು ದೇಶಗಳ 240 ಮಂದಿ ಸಕ್ಕರೆ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸುಕ್ರೋಸ್ ಆಕ್ಟಾಸಲ್ಫೇಟ್ ಎಂಬ ವಸ್ತು ಇರುವ ಪಟ್ಟಿ, ಇಲ್ಲದ ಪಟ್ಟಿ ಎರಡನ್ನೂ ಕಣ್ಣಿಗೆ ಒಂದೇ ತೆರನಾಗಿ ತಯಾರಿಸಿದ್ದರು. ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 20 ವಾರಕ್ಕೆ ನೂರಕ್ಕೆ 48 ಮಂದಿಗೆ ಮಾಯಿತು, ಇನ್ನೊಂದು ಗುಂಪಿನಲ್ಲಿ 30 ಮಂದಿಗೆ. ಪಟ್ಟಿ ಮಾಡುವ ಕಂಪನಿಯೇ ಹಣ ಹಾಕಿದ ಪ್ರಯೋಗವೇನೋ ಹೌದು. ಆದರೂ ಇಂಥ ಕಟ್ಟುನಿಟ್ಟು ಇದ್ದುದರಿಂದ ಅದರ ಮಾತಿಗೆ ತೂಕ ಬಂತು.

ಎಲ್ಲಿ ಹೋದರು ಹತ್ತು ಮಂದಿ?

ನಮ್ಮ ಕಡೆಯ ಪ್ರಯೋಗಗಳನ್ನು ಹೆಚ್ಚು ಕೆಡಿಸುವುದು ಮಾತ್ರ ಇವಾವುವೂ ಅಲ್ಲ, ನಡುವೆ ಬರುವುದನ್ನು ಬಿಡುವ ರೋಗಿಗಳು ಎಂದು ನನಗೆ ಅನಿಸುತ್ತದೆ. ಒಂದು ಕಾಲ್ಪನಿಕ ಲೆಕ್ಕ ನೋಡೋಣ. 60 ಮಂದಿ ರೋಗಿಗಳು, 30 ಮಂದಿಗೆ ಹೊಸ ಮದ್ದು, 30 ಮಂದಿಗೆ ಹಳೆಯ ಪದ್ಧತಿ. ಹೊಸ ಮದ್ದು ಉರಿಯುತ್ತದೆ. ಆದ್ದರಿಂದ 10 ಮಂದಿ ಬರುವುದನ್ನೇ ಬಿಟ್ಟರು. ಉಳಿದ 20ರಲ್ಲಿ 14 ಮಂದಿಗೆ ಮಾಯಿತು. ನೂರಕ್ಕೆ 70! ಹಳೆಯ ಪದ್ಧತಿಯವರಲ್ಲಿ ಬಿಟ್ಟವರು ಇಬ್ಬರೇ. ಉಳಿದ 28ರಲ್ಲಿ 15 ಮಂದಿಗೆ ಮಾಯಿತು, ಅಂದರೆ ನೂರಕ್ಕೆ 54. ಹೊಸದು ಗೆದ್ದಿತು ಎಂದು ಪ್ರಬಂಧ ಮುಗಿಯುತ್ತದೆ. ಈಗ ಬಿಟ್ಟವರಿಗೆ ಮಾಯಲಿಲ್ಲವೆಂದಿಟ್ಟುಕೊಂಡು, ಸೇರಿದ ಎಲ್ಲರನ್ನೂ ಎಣಿಸಿ. ಹೊಸದರಲ್ಲಿ 30ಕ್ಕೆ 14, ಹಳೆಯದರಲ್ಲಿ 30ಕ್ಕೆ 15. ಗೆದ್ದವರು ಯಾರು?

ಬಿಟ್ಟುಹೋದವರು ಎಲ್ಲಿಗೆ ಹೋಗುತ್ತಾರೆ? ಇದನ್ನು ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಮುಂಗಾರು ಬಿದ್ದು ಹೊಲ ಹದಕ್ಕೆ ಬಂದರೆ ಬಿತ್ತನೆ ಬಿಟ್ಟು ಯಾರೂ ಪಟ್ಟಿ ಕಟ್ಟಿಸಿಕೊಳ್ಳಲು ಬರುವುದಿಲ್ಲ. ಕೂಲಿಯವರಿಗೆ ಆಸ್ಪತ್ರೆಗೆ ಬಂದ ದಿನ ಕೂಲಿ ಇಲ್ಲ, ಜೊತೆಗೆ ಬಂದ ಮಗನಿಗೂ ಇಲ್ಲ. ಹಬ್ಬ, ಜಾತ್ರೆ, ಮಗಳ ಹೆರಿಗೆ. ಕೆಲವರು ಹುಣ್ಣು ಮಾಯಿತಲ್ಲ, ಇನ್ನೇಕೆ ಹೋಗಬೇಕು ಎಂದು ನಿಲ್ಲುತ್ತಾರೆ. ಇನ್ನು ಕೆಲವರು ಹುಣ್ಣು ಹೆಚ್ಚಾಯಿತೆಂದು ಹೆದರಿ ಬೇರೆ ಆಸ್ಪತ್ರೆ ಸೇರಿ, ಅಲ್ಲಿ ಪಾದ ತೆಗೆಸಿಕೊಂಡು ಊರಿಗೆ ಹೋಗಿರುತ್ತಾರೆ. ಪ್ರಯೋಗದ ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೆಯೂ ಒಂದೇ ಷರಾ: 'ಬರಲಿಲ್ಲ'. ಒಬ್ಬರಿಗೆ ಪೂರ್ತಿ ಗುಣ, ಇನ್ನೊಬ್ಬರಿಗೆ ಕಾಲೇ ಇಲ್ಲ. ಆ ಮದ್ದಿನ ಬಗ್ಗೆ ನಾವು ತಿಳಿಯಲೇಬೇಕಾಗಿದ್ದ ಎರಡು ಸುದ್ದಿಗಳು ಹಾಗೆ ಮಣ್ಣುಪಾಲಾಗುತ್ತವೆ. ನಾಳೆ ಅದೇ ಮದ್ದನ್ನು ನಿಮ್ಮ ಮನೆಯವರ ಕಾಲಿಗೆ ಹಾಕುವಾಗ ವೈದ್ಯರಿಗೆ ಅದು ಗೊತ್ತಿರುವುದಿಲ್ಲ.

ಬೆಳಗಾವಿಯಲ್ಲಿ ಆದದ್ದು ಇಲ್ಲೇಕೆ ಆಗದು?

ಹಳ್ಳಿಗಾಡಿನಲ್ಲಿ ಒಳ್ಳೆಯ ಪ್ರಯೋಗ ನಡೆಸಲು ಬರುವುದಿಲ್ಲ ಎನ್ನುವವರಿಗೆ ಪಕ್ಕದ ಬೆಳಗಾವಿಯೇ ಉತ್ತರ. ಅಲ್ಲಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಅಮೆರಿಕದ ಸಂಶೋಧಕರೊಂದಿಗೆ ಸೇರಿ ಒಂದು ಪ್ರಯೋಗ ನಡೆಸಿತು. ವಿಷಯ ಹುಣ್ಣಲ್ಲ, ಹೆರಿಗೆಯ ನಂತರದ ರಕ್ತಸ್ರಾವ. 1620 ತಾಯಂದಿರು, ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಅದೇ ರೂಪದ ಹುಸಿ ಮಾತ್ರೆ. ಕೊಟ್ಟವರು ದೊಡ್ಡ ಡಾಕ್ಟರರಲ್ಲ, ಹಳ್ಳಿಯ ದಾದಿಯರು. ರಕ್ತ ಎಷ್ಟು ಹೋಯಿತೆಂದು ಕಣ್ಣಳತೆಯಲ್ಲಿ ಅಂದಾಜು ಮಾಡದೆ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಸಿನಲ್ಲಿ ಸಂಗ್ರಹಿಸಿ ಅಳೆದರು. ರಕ್ತಸ್ರಾವಕ್ಕೆ ಒಳಗಾದವರ ಪ್ರಮಾಣ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಈ ಕೆಲಸವನ್ನು ಜಗತ್ತು ಗಂಭೀರವಾಗಿ ತೆಗೆದುಕೊಂಡಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಹೆರಿಗೆಯ ರಕ್ತಸ್ರಾವ ಕೆಲವು ಗಂಟೆಗಳ ಮಾತು, ಹುಣ್ಣು ತಿಂಗಳುಗಳ ಮಾತು ಎಂಬುದು ನಿಜ. ಆದರೂ ದಾದಿ ಅಥವಾ ಆಶಾ ಕಾರ್ಯಕರ್ತೆ ಮನೆಗೇ ಹೋಗಿ ನೋಡುವುದು, ಮೊಬೈಲಿನಲ್ಲಿ ಫೋಟೋ ಕಳಿಸುವುದು ಇಂದು ಕಷ್ಟವೇನಲ್ಲ. ಇನ್ನೂ ಒಂದು ದಾರಿಯಿದೆ. ಹುಬ್ಬಳ್ಳಿ, ಧಾರವಾಡದ ಸತ್ತೂರು, ಬೆಳಗಾವಿ, ಗದಗ, ಹಾವೇರಿ, ಕೊಪ್ಪಳ, ಕಾರವಾರ, ಇಷ್ಟೂ ಊರುಗಳಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ. ಒಬ್ಬೊಬ್ಬ ವಿದ್ಯಾರ್ಥಿ 60 ಮಂದಿಯ ಮೇಲೆ ತನ್ನದೇ ಒಂದು ಪುಟ್ಟ ಪ್ರಯೋಗ ಮಾಡಿ ಅದನ್ನು ಗ್ರಂಥಾಲಯದ ಕಪಾಟಿಗೆ ಸೇರಿಸುವ ಬದಲು, ಎಲ್ಲರೂ ಒಂದೇ ಪ್ರಶ್ನೆ, ಒಂದೇ ಅಳತೆ, ಒಂದೇ ಬಗೆಯ ಚಪ್ಪಲಿ ಇಟ್ಟುಕೊಂಡು ನಾಲ್ಕಾರು ವರ್ಷ ಸೇರಿ ಮಾಡಿದರೆ ನೂರಾರು ರೋಗಿಗಳ ಉತ್ತರ ಸಿಗುತ್ತದೆ. ಒಬ್ಬರು ಓದು ಮುಗಿಸಿ ಹೋದರೆ ಮುಂದಿನವರು ಆ ರೋಗಿಗಳನ್ನು ನೋಡಿಕೊಳ್ಳುತ್ತಾರೆ. ಏನೇನು ಬರೆದಿಡಬೇಕೆಂಬ ಪಟ್ಟಿಯೂ ಸಿದ್ಧವಿದೆ: ಸಕ್ಕರೆ ಕಾಯಿಲೆಯ ಪಾದದ ಹುಣ್ಣಿನ ಅಧ್ಯಯನಗಳನ್ನು ತೂಗಲು ಅಂತರರಾಷ್ಟ್ರೀಯ ತಜ್ಞರು 2016ರಲ್ಲಿ 21 ಅಂಶಗಳ ಒಂದು ಮಾಪನ ಪ್ರಕಟಿಸಿದ್ದಾರೆ. ಫೆನಿಟಾಯಿನ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಮಗಿಂತ ಹೆಚ್ಚಿನ ಅಗತ್ಯ ಯಾರಿಗಿದೆ? ಅಗ್ಗದ ಮದ್ದಿನ ಪ್ರಯೋಗಕ್ಕೆ ಯಾವ ಕಂಪನಿಯೂ ಹಣ ಹಾಕುವುದಿಲ್ಲ.

ಸಹಿ ಹಾಕುವ ಮುನ್ನ

ಈಗ ನಿಮ್ಮ ಪಾಲಿನ ಮಾತು. ಯಾವುದೋ ಆಸ್ಪತ್ರೆಯ ವಾರ್ಡಿನಲ್ಲಿ ಇಂಥ ಮಾತುಕತೆ ನಡೆಯಬಹುದು.

"ಯಜಮಾನರ, ನಿಮ್ಮ ಹುಣ್ಣಿನ ಮ್ಯಾಲೆ ಒಂದು ಅಭ್ಯಾಸ ಮಾಡಾಕತ್ತೇವ್ರಿ. ಇಲ್ಲೆ ಒಂದು ಸಹಿ ಹಾಕ್ರಿ."

"ಏನರ ಆಗ್ತೈತೇನ್ರಿ ಸಾಹೇಬ್ರ?"

"ಏನೂ ಆಗಂಗಿಲ್ರಿ."

ಸಹಿಯೋ ಹೆಬ್ಬೆಟ್ಟೋ ಬೀಳುತ್ತದೆ. ಇದು ಒಪ್ಪಿಗೆಯಲ್ಲ. ಕಾಗದ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದಿದ್ದರೆ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. ನೀವು ಸಂಕೋಚವಿಲ್ಲದೆ ಕೇಳಿ: ನನಗೆ ಹೊಸದು ಸಿಗದಿದ್ದರೆ ಏನು ಸಿಗುತ್ತದೆ? ಯಾರಿಗೆ ಯಾವುದು ಎಂದು ಹೇಗೆ ತೀರ್ಮಾನಿಸುತ್ತೀರಿ? ಎರಡೂ ಗುಂಪಿಗೆ ಚಪ್ಪಲಿ, ಸಕ್ಕರೆಯ ಚಿಕಿತ್ಸೆ ಒಂದೇ ತೆರನಾಗಿ ಸಿಗುತ್ತದೆಯೇ? ಎಷ್ಟು ಸಲ ಬರಬೇಕು, ಎಷ್ಟು ತಿಂಗಳು? ಆಸ್ಪತ್ರೆಯ ನೀತಿ ಸಮಿತಿ ಒಪ್ಪಿದೆಯೇ? ಒಳ್ಳೆಯ ಸಂಶೋಧಕರು ಇಂಥ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸೇರುವುದಿಲ್ಲ ಎಂದರೂ, ಸೇರಿ ನಡುವೆ ಬಿಡುತ್ತೇನೆಂದರೂ ನಿಮ್ಮ ಮಾಮೂಲು ಚಿಕಿತ್ಸೆಗೆ ಯಾರೂ ಅಡ್ಡಿ ಮಾಡುವಂತಿಲ್ಲ. ಪ್ರಯೋಗದಿಂದಲೇ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಹೊಸ ಔಷಧಿಗಳ ಪ್ರಯೋಗವಾದರೆ 2019ರ ನಿಯಮಗಳಲ್ಲಿಯೂ ಅದಿದೆ.

ನಮ್ಮ ದೇಶದಲ್ಲಿ ಚಿಕಿತ್ಸಾ ಪ್ರಯೋಗಗಳ ನೋಂದಣಿಗೆ ಸಿ.ಟಿ.ಆರ್.ಐ. ಎಂಬ ದಫ್ತರ 2007ರಿಂದ ಇದೆ. 2018ರ ಏಪ್ರಿಲ್‌ನಿಂದ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಿದ ಪ್ರಯೋಗಗಳನ್ನಷ್ಟೇ ಅದು ಸ್ವೀಕರಿಸುತ್ತದೆ. ಏನನ್ನು ಅಳೆಯುತ್ತೇವೆಂದು ಮೊದಲೇ ಬರೆದುಕೊಟ್ಟರೆ, ಫಲಿತಾಂಶ ಬಂದ ಮೇಲೆ ಗುರಿಯನ್ನೇ ಬದಲಾಯಿಸುವ ಚಾಲಾಕಿಗೆ ಅವಕಾಶ ಕಡಿಮೆ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಮೊಬೈಲಿನಲ್ಲಿಯೇ ಆ ಪ್ರಯೋಗದ ಸಂಖ್ಯೆ ಹುಡುಕಿ ತೋರಿಸುತ್ತಾರೆ.

ಪ್ರಯೋಗವೆಂದರೆ ಹೆದರಿ ಓಡುವುದೂ ಬೇಡ, ಮನೆಯಲ್ಲೇ ಪ್ರಯೋಗಕ್ಕೆ ಇಳಿಯುವುದೂ ಬೇಡ. ಫಿಟ್ಸ್ ಮಾತ್ರೆ ಕುಟ್ಟಿ ಹಚ್ಚಬೇಡಿ. ಜೋಮು ಹಿಡಿದ ಪಾದವನ್ನು ಬಿಸಿನೀರಿನಲ್ಲಿ ಇಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಬೆರಳು ಕಪ್ಪಾದರೆ, ದುರ್ವಾಸನೆ ಬಂದರೆ, ಕೆಂಪು ಮೇಲಕ್ಕೆ ಏರುತ್ತಿದ್ದರೆ, ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಸೇರುವುದಾದರೆ ಎರಡು ಫೋನ್ ನಂಬರು ಕೊಡಿ, ನಿಮ್ಮದೊಂದು, ಊರಲ್ಲೇ ಇರುವ ಸಂಬಂಧಿಕರದೊಂದು. ಬಿತ್ತನೆಗೆ ಹೋಗುವುದಿದ್ದರೆ ಮೊದಲೇ ಹೇಳಿ. ತಾರೀಖು ಹೊಂದಿಸುವುದು ಅವರ ಕೆಲಸ. ಬೇರೆ ಆಸ್ಪತ್ರೆಗೆ ಸೇರಿದರೂ, ಬೆರಳು ತೆಗೆಸಿದರೂ ಒಂದು ಫೋನ್ ಮಾಡಿ ತಿಳಿಸಿ, ಯಾರೂ ಬೈಯುವುದಿಲ್ಲ. ಹುಣ್ಣು ಮಾಯ್ದು ಪಟ್ಟಿ ಬಿಚ್ಚಿದ ಮೇಲೆ, ಎರಡು ವಾರ ಬಿಟ್ಟು ಬರುವ ಆ ಇನ್ನೊಂದು ಭೇಟಿಗೂ ಹೋಗಿ ಪಾದ ತೋರಿಸಿ. ಬಸ್ಸಿನ ಖರ್ಚು ಭಾರವಾದರೆ ಅದನ್ನೂ ಕೇಳಿ. ಪ್ರಯೋಗದ ಭೇಟಿಗೆಂದು ಬಂದು ಹೋಗುವ ಖರ್ಚನ್ನು ರೋಗಿಗೆ ಮರಳಿ ಕೊಡಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿದೆ.